ತಾರಸಿ ಮನೆ ಬೇಸಿಗೆಯಲ್ಲಿ ಯಾಕಿಷ್ಟು ಕಾಯುತ್ತದೆ? ಚಂಡೀಗಢದ ವಾಸ್ತುಶಿಲ್ಪಿ ಸೋತು ಕಲಿತ ಪಾಠ

ಏಪ್ರಿಲ್ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಮಾತು ತಪ್ಪದೆ ಓಡಾಡುತ್ತವೆ. ಬಿಸಿ ಗಾಳಿ ಮೇಲೇರುತ್ತದೆ, ಅದಕ್ಕೇ ಮೇಲಿನ ಮಹಡಿಯಲ್ಲಿ ಸೆಕೆ ಅನ್ನುವುದು ಒಂದು. ತಾರಸಿ ಮೇಲೆ ಶೀಟ್ ಹಾಕಿಸಿ, ಸುತ್ತ ಮುಚ್ಚಿಸಿಬಿಟ್ಟರೆ ಮನೆ ತಂಪು ಅನ್ನುವುದು ಇನ್ನೊಂದು. ಮೊದಲನೆಯದು ಅರ್ಧ ಸತ್ಯ. ಎರಡನೆಯದರಲ್ಲಿ ಶೀಟ್ ಸರಿ, ಸುತ್ತ ಮುಚ್ಚುವುದೇ ತಪ್ಪು.

ಇದನ್ನು ವಿವರಿಸಲು ನಾವು ಒಬ್ಬ ಮನುಷ್ಯನ ಕಥೆ ಆರಿಸಿಕೊಂಡಿದ್ದೇವೆ. ಚಪ್ಪಟೆ ತಾರಸಿಯನ್ನು ಜಗತ್ತಿಗೆಲ್ಲ ಫ್ಯಾಷನ್ ಮಾಡಿದವರಲ್ಲಿ ಆತ ಮುಖ್ಯ. ಬಿಸಿಲಿನ ವಿಷಯದಲ್ಲಿ ದೊಡ್ಡದಾಗಿ ಎಡವಿದವರಲ್ಲೂ ಆತ ಒಬ್ಬ.

ಲೆ ಕಾರ್ಬುಸಿಯೆ ಎಂದು ನಾವೆಲ್ಲ ಕರೆಯುವವರ ನಿಜವಾದ ಹೆಸರು ಶಾರ್ಲ್ ಎದುವಾರ್ ಜಾನ್ನರೆ. ಹುಟ್ಟಿದ್ದು 1887ರ ಅಕ್ಟೋಬರ್ 6, ಸ್ವಿಟ್ಜರ್ಲೆಂಡಿನ ಲಾ ಶೋ ದ ಫೋನ್ ಎಂಬ ಊರಿನಲ್ಲಿ. ಅದು ಗಡಿಯಾರ ಮಾಡುವವರ ಊರು. ಅಪ್ಪ ಗಡಿಯಾರದ ಮುಖಕ್ಕೆ ಎನಾಮಲ್ ಬಳಿಯುವವರು, ಅಮ್ಮ ಪಿಯಾನೊ ಕಲಿಸುವವರು. ಹುಡುಗನೂ ಮೊದಲು ಕಲಿತದ್ದು ಗಡಿಯಾರದ ಮೇಲೆ ಕೆತ್ತುವ ಕೆಲಸವನ್ನೇ. ಆಮೇಲೆ ಪ್ಯಾರಿಸ್‌ನಲ್ಲಿ ಒಗೂಸ್ತ್ ಪೆರೆ ಅವರ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ರುಚಿ ಹತ್ತಿಸಿಕೊಂಡರು. ಇವತ್ತು ನಮ್ಮ ಮೇಸ್ತ್ರಿಗಳು ಆರ್‌ಸಿಸಿ ಅನ್ನುವುದು ಅದಕ್ಕೇ.

1920ರ ದಶಕದಲ್ಲಿ ಅವರು ಹೊಸ ಕಟ್ಟಡಕ್ಕೆ ಐದು ಸೂತ್ರ ಹೇಳಿದರು. ಅದರಲ್ಲಿ ಒಂದು ಚಪ್ಪಟೆ ತಾರಸಿ. ಆದರೆ ಅವರು ಹೇಳಿದ್ದು ಬೋಳು ತಾರಸಿಯಲ್ಲ, ತೋಟವಿರುವ ತಾರಸಿ. ಮೇಲಿರುವ ತೇವದ ಮಣ್ಣು ಕಾಂಕ್ರೀಟ್ ಅತಿಯಾಗಿ ಕಾಯದಂತೆ, ಹಿಗ್ಗಿ ಕುಗ್ಗಿ ಬಿರುಕು ಬಿಡದಂತೆ ಕಾಪಾಡುತ್ತದೆ ಎಂಬುದು ಅವರ ಲೆಕ್ಕ. ಜಗತ್ತು ತಾರಸಿಯನ್ನು ಎತ್ತಿಕೊಂಡಿತು, ಮಣ್ಣನ್ನು ಬಿಟ್ಟಿತು.

ಬೋಳು ಸ್ಲ್ಯಾಬ್ ಏನು ಮಾಡುತ್ತದೆ ನೋಡಿ. ಬೆಳಗಿನಿಂದ ಬಿಸಿಲು ಕುಡಿಯುತ್ತದೆ. ಆ ಶಾಖ ಕೆಳಗಿಳಿದು ನಮ್ಮ ಸೀಲಿಂಗ್ ತಲುಪಲು ಗಂಟೆಗಟ್ಟಲೆ ಬೇಕು. ಅದಕ್ಕೇ ಹೊರಗೆ ತಂಗಾಳಿ ಬಿಟ್ಟ ಮೇಲೂ, ರಾತ್ರಿ ಮಲಗುವ ಹೊತ್ತಿಗೆ ಸೀಲಿಂಗ್ ಕಾದ ಕಾವಲಿಯ ಹಾಗಿರುತ್ತದೆ. ಅದು ಗಾಳಿಯನ್ನಷ್ಟೇ ಬಿಸಿ ಮಾಡುವುದಿಲ್ಲ. ಒಲೆಯ ಮುಂದೆ ಕೂತರೆ ಮೈಗೆ ತಾಗುವಂತೆ ಶಾಖವನ್ನು ನೇರವಾಗಿ ನಮ್ಮ ಮೇಲೆ ಸೂಸುತ್ತದೆ. ಫ್ಯಾನ್ ಬೆವರು ಆರಿಸುತ್ತದೆ, ಈ ಸೂಸುವಿಕೆಯನ್ನು ತಡೆಯಲಾರದು. ಹಗಲಿನ ಬಿಸಿಲಿಗೆ ಬಳಲಿದ ದೇಹಕ್ಕೆ ರಾತ್ರಿಯಾದರೂ ತಣಿಯಲು ಸಮಯ ಬೇಕು. ಅದು ಸಿಗದಿದ್ದರೆ ವಯಸ್ಸಾದವರಿಗೂ ಎಳೆ ಮಕ್ಕಳಿಗೂ ಅಪಾಯ. ಅಜ್ಜಿಯ ಮಂಚ ಮೇಲಿನ ಮಹಡಿಯಲ್ಲಿದ್ದರೆ ಬೇಸಿಗೆ ಮಟ್ಟಿಗಾದರೂ ಕೆಳಗೆ ತನ್ನಿ.

ಈಗ ಎಡವಿದ ಕಥೆ. 1933ರಲ್ಲಿ ಪ್ಯಾರಿಸ್‌ನಲ್ಲಿ ಸಾಲ್ವೇಶನ್ ಆರ್ಮಿಗಾಗಿ ಲೆ ಕಾರ್ಬುಸಿಯೆ ಮತ್ತು ಅವರ ಸೋದರಸಂಬಂಧಿ ಪಿಯರ್ ಜಾನ್ನರೆ ನಿರಾಶ್ರಿತರ ವಸತಿಗೃಹ ಕಟ್ಟಿದರು. ದಕ್ಷಿಣಕ್ಕೆ ಮುಖ ಮಾಡಿದ ಭಾರಿ ಗಾಜಿನ ಗೋಡೆ, ಅದರಲ್ಲಿ ತೆರೆಯುವ ಕಿಟಕಿ ಇಲ್ಲ. ಎರಡು ಪದರ ಗಾಜು, ನಡುವೆ ಬೇಕಾದ ಉಷ್ಣತೆಯ ಗಾಳಿ, ಒಳಗೆ ಯಂತ್ರದಿಂದ ಬರುವ ಹದವಾದ ಗಾಳಿ ಎಂಬುದು ಯೋಜನೆ. ದುಡ್ಡು ಸಾಲದೆ ಎರಡನೇ ಗಾಜೂ ತಂಪು ಮಾಡುವ ವ್ಯವಸ್ಥೆಯೂ ಬಿಟ್ಟುಹೋದವು. ಚಳಿಗಾಲ ಸುಖವಾಗಿ ಕಳೆಯಿತು. ಬೇಸಿಗೆ ಬಂದಾಗ ಒಳಗಿದ್ದವರು ಬೆಂದರು. ಕಿಟಕಿ ಇಡಿ ಎಂದು ಅಧಿಕಾರಿಗಳು ಹೇಳಿದರೂ ಅವರು ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಕಿಟಕಿ ಬಂದವು. ಯುದ್ಧದ ನಂತರ ಆ ಮುಖಕ್ಕೆ ಬಿಸಿಲು ತಡೆಯುವ ಕಾಂಕ್ರೀಟ್ ಹಲಗೆಗಳೂ ಬಂದವು. ಬಡವರ ಸೆಕೆಗಿಂತ ಸ್ವಂತ ಐಡಿಯಾ ದೊಡ್ಡದಾಯಿತು ಎಂದು ನಮಗನ್ನಿಸುತ್ತದೆ. ವಿಶಿ ಸರ್ಕಾರದ ಬಾಗಿಲು ತಟ್ಟಿದ ಕಥೆಯೂ ಅವರಿಗಿದೆ, ಅದು ಬೇರೆಯೇ ಲೇಖನದ ವಿಷಯ.

ಆದರೆ ಕಲಿತರು, ಅದನ್ನು ಒಪ್ಪಲೇಬೇಕು. ಬಿಸಿಲನ್ನು ಒಳಗೆ ಬಂದ ಮೇಲೆ ಓಡಿಸುವುದಕ್ಕಿಂತ ಹೊರಗೇ ತಡೆಯುವುದು ಸುಲಭ ಎಂಬುದು ಅವರ ಮುಂದಿನ ಕೆಲಸಗಳ ಮುಖ್ಯ ಸೂತ್ರವಾಯಿತು.

1951ರಲ್ಲಿ ಪಂಜಾಬಿನ ಹೊಸ ರಾಜಧಾನಿಯ ಕೆಲಸಕ್ಕೆ ಭಾರತಕ್ಕೆ ಬಂದರು. ದೇಶ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಹೋಗಿತ್ತು. ಪಿಯರ್ ಜಾನ್ನರೆ, ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ಚಂಡೀಗಢದಲ್ಲೇ ನೆಲೆಸಿ ಕೆಲಸ ಮಾಡಿದರು. ಲೆ ಕಾರ್ಬುಸಿಯೆ ಪ್ಯಾರಿಸ್‌ನಿಂದ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದರು. ಉಷ್ಣತೆ, ತೇವ, ಗಾಳಿ, ಸೂಸುವ ಶಾಖ ಇವು ತಿಂಗಳು ತಿಂಗಳಿಗೆ ಹೇಗೆ ಬದಲಾಗುತ್ತವೆ ಎಂದು ಗುರುತಿಸುವ ಒಂದು ಪಟ್ಟಿಯನ್ನೂ ಅವರ ಆಫೀಸು ತಯಾರಿಸಿತು.

1955ರ ಹೈಕೋರ್ಟ್ ಕಟ್ಟಡದ ಫೋಟೊ ಸಿಕ್ಕರೆ ಜೂಮ್ ಮಾಡಿ ನೋಡಿ. ಕಚೇರಿಗಳ ಮೇಲೆ ಒಂದು ಚಪ್ಪಟೆ ಮಾಡು. ಅದಕ್ಕಿಂತ ಎತ್ತರದಲ್ಲಿ, ಕೊಡೆ ಹಿಡಿದ ಹಾಗೆ, ಕಮಾನುಗಳ ಇನ್ನೊಂದು ಮಾಡು. ನಡುವೆ ದೊಡ್ಡ ಜಾಗ, ಪೂರ್ತಿ ತೆರೆದದ್ದು. ಬಿಸಿಲು ಮೇಲಿನದರ ಮೇಲೆ ಬೀಳುತ್ತದೆ, ಕೆಳಗಿನದು ನೆರಳಲ್ಲಿರುತ್ತದೆ, ನಡುವಿನ ಬಿಸಿ ಗಾಳಿಯನ್ನು ಬೀಸುವ ಗಾಳಿ ಹೊತ್ತೊಯ್ಯುತ್ತದೆ. ಅಹಮದಾಬಾದಿನ ಶೋಧನ್ ಮನೆಯಲ್ಲೂ ಇದೇ ಕೊಡೆ ಇದೆ. ಅಲ್ಲೇ ಸಾರಾಭಾಯಿ ಮನೆಯಲ್ಲಿ ಹಳೆಯ ಸೂತ್ರ ಮರಳಿತು: ಕಮಾನಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಈ ಅಹಮದಾಬಾದ್ ಕೆಲಸಗಳ ಉಸ್ತುವಾರಿ ನೋಡಿಕೊಂಡ ತರುಣ ಬಿ.ವಿ. ದೋಶಿ. ಮುಂದೆ ಬೆಂಗಳೂರಿನ ಐಐಎಂ ಕ್ಯಾಂಪಸ್ ವಿನ್ಯಾಸ ಮಾಡಿದವರು ಅವರೇ.

ಶೀಟಿನ ವಿಷಯಕ್ಕೆ ಬರೋಣ. ತಾರಸಿ ಮೇಲಿನ ಶೀಟ್ ಹೈಕೋರ್ಟಿನ ಕೊಡೆಯ ಬಡ ತಮ್ಮ. ಕೆಲಸ ಒಂದೇ, ಆದರೆ ಗಾಳಿ ಆಡಬೇಕು. ಮಧ್ಯಾಹ್ನ ಶೀಟ್ ಕೈ ಇಡಲಾಗದಷ್ಟು ಕಾಯುತ್ತದೆ. ಸುತ್ತ ಮುಚ್ಚಿದರೆ ಕೆಳಗಿನ ಗಾಳಿ ಅಲ್ಲೇ ಕೂತು ಸ್ಲ್ಯಾಬಿಗೆ ಶಾಖ ಕೊಡುತ್ತದೆ. ರಾತ್ರಿ ಸ್ಲ್ಯಾಬ್ ಆಕಾಶಕ್ಕೆ ಶಾಖ ಬಿಟ್ಟು ತಣಿಯುವ ದಾರಿಯೂ ಬಂದ್. ಹಾಗಾಗಿ ಎದುರುಬದುರು ಎರಡು ಬದಿಯಾದರೂ ತೆರೆದಿರಲಿ, ಗಾಳಿ ಬೀಸುವ ದಿಕ್ಕಿಗಿದ್ದರೆ ಇನ್ನೂ ಒಳ್ಳೆಯದು. ಒಂದೇ ಬದಿ ತೆರೆದರೆ ಗಾಳಿ ಒಳಗೆ ಬರುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಶೀಟಿನ ಮೇಲ್ಭಾಗ ಬಿಳಿ ಇದ್ದರೆ ಬಿಸಿಲು ವಾಪಸ್ ಹೋಗುತ್ತದೆ.

ಜನ ಮರೆಯುವ ಇನ್ನೊಂದು ಸಂಗತಿ, ಆ ಬಿಸಿ ಗಾಳಿ ಹೊರಟು ಹೋಗುವುದು ಎಲ್ಲಿಗೆ ಎಂಬುದು. ಶೀಟಿಗೆ ಅಂಟಿಕೊಂಡೇ ಮೆಟ್ಟಿಲಿನ ಹೆಡ್ ರೂಮೋ, ಬಾಡಿಗೆಗೆ ಕೊಟ್ಟ ಸಿಂಗಲ್ ರೂಮೋ ಇದ್ದು, ಅದರ ಕಿಟಕಿ ಶೀಟಿನ ಅಡಿಗೇ ತೆರೆದರೆ ಸೆಕೆಯೆಲ್ಲ ಆ ಕೋಣೆಗೆ ನುಗ್ಗುತ್ತದೆ. ಹೆಡ್ ರೂಮಿನ ಬಾಗಿಲು ತೆರೆದಿದ್ದರೆ ಮೆಟ್ಟಿಲ ಮೂಲಕ ಕೆಳಗಿನ ಮನೆಗೂ ಇಳಿಯಬಹುದು. ಮಧ್ಯಾಹ್ನ ಆ ಬಾಗಿಲು ಹಾಕಿ, ಸಂಜೆ ಹೊರಗಿನ ಗಾಳಿ ತಂಪಾದ ಮೇಲೆ ತೆರೆಯಿರಿ. ಆಗ ಮೆಟ್ಟಿಲೇ ಚಿಮಣಿಯಾಗಿ ಮನೆಯ ಸೆಕೆಯನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿ ಗಾಳಿ ಮೇಲೇರುತ್ತದೆ ಎಂಬ ಮಾತಿನ ಸತ್ಯದ ಅರ್ಧ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಚಂಡೀಗಢವೂ ಎಲ್ಲವನ್ನೂ ಗೆಲ್ಲಲಿಲ್ಲ. ಬಿಸಿಲು ತಡೆಯಬೇಕಾದ ಕಾಂಕ್ರೀಟ್ ಹಲಗೆಗಳು ತಾವೇ ಕಾದು ಸಂಜೆ ಶಾಖ ಬಿಡುತ್ತವೆ ಎಂಬ ದೂರು ಬಂತು. ನ್ಯಾಯಾಲಯಗಳಿಗೆ ಬಿಸಿಲು, ಮಳೆ ತಪ್ಪಿಸಲು ಆಮೇಲೆ ಮುಂದೆ ಒಂದು ಜಗಲಿಯಂಥ ವರಾಂಡ ಸೇರಿಸಬೇಕಾಯಿತು. ನಮ್ಮ ಹಳೆಯ ಮನೆಗಳಿಗೆ ಅದು ಮೊದಲೇ ಗೊತ್ತಿತ್ತು. ಹಾಗಿದ್ದರೂ 2016ರಲ್ಲಿ ಚಂಡೀಗಢದ ಕ್ಯಾಪಿಟಲ್ ಸಮುಚ್ಚಯ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಲೆ ಕಾರ್ಬುಸಿಯೆ ತಮಗಾಗಿ ಕಟ್ಟಿಕೊಂಡದ್ದು ಫ್ರಾನ್ಸಿನ ಮೆಡಿಟರೇನಿಯನ್ ಕಡಲ ದಂಡೆಯ ಕಾಪ್ ಮಾರ್ತಾಂನಲ್ಲಿ ಸುಮಾರು ಹನ್ನೆರಡು ಅಡಿ ಉದ್ದಗಲದ ಒಂದು ಮರದ ಕೋಣೆ. ಬೇಸಿಗೆ ಕಳೆಯಲು ಅಲ್ಲಿಗೆ ಹೋಗುತ್ತಿದ್ದರು. 1965ರ ಆಗಸ್ಟ್ 27ರಂದು ಅದರ ಕೆಳಗಿನ ಸಮುದ್ರದಲ್ಲಿ ಈಜುವಾಗ ತೀರಿಕೊಂಡರು. ವಯಸ್ಸು 77. ಆ ಕೋಣೆ ಈಗಲೂ ಇದೆ. ಅದರ ಮಾಡು ಮಾತ್ರ ಚಪ್ಪಟೆಯಲ್ಲ, ಒಂದು ಬದಿಗೆ ಇಳಿಜಾರು.