ಬೆಂಗಳೂರಿನಲ್ಲಿ ಉಳಿದ ಹೋಮಿ ಭಾಭಾ

ವಸ್ತುವನ್ನು ಒಡೆಯುತ್ತ ಹೋದರೆ ಕೊನೆಗೆ ಉಳಿಯುವುದೇನು? ನಮ್ಮಲ್ಲಿ ಕಣಾದನೂ ಗ್ರೀಸಿನಲ್ಲಿ ಡೆಮಾಕ್ರಿಟಸನೂ ಬಹು ಹಿಂದೆಯೇ ಇದನ್ನು ಕುರಿತು ಚಿಂತಿಸಿದರು. ಅವರದು ತರ್ಕ, ಪ್ರಯೋಗವಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಡಾಲ್ಟನ್ ಪರಮಾಣುಗಳ ತೂಕವನ್ನು ಹೋಲಿಸಿ ನೋಡಿದನು. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದನು. 1911ರಲ್ಲಿ ಅವನ ಶಿಷ್ಯ ರುದರ್‌ಫರ್ಡ್, ಪರಮಾಣುವಿನ ಭಾರವೆಲ್ಲ ನಡುವಿನ ಒಂದು ಪುಟ್ಟ ಬೀಜದಲ್ಲಿ ಅಡಗಿದೆಯೆಂದು ತೋರಿಸಿದನು. ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯವನು. ನನಗೆ ಹೊಲದ ಲೆಕ್ಕವೇ ಸುಲಭ. ಜಲಜನಕದ ಪರಮಾಣುವನ್ನು ಎರಡೂವರೆ ಎಕರೆ ಹೊಲದಷ್ಟು ಹಿಗ್ಗಿಸಿದರೆ ಆ ಬೀಜವು ನಡುವೆ ಬಿದ್ದ ಒಂದು ರಾಗಿಕಾಳಿನಷ್ಟಾದೀತು!

ಈ ರುದರ್‌ಫರ್ಡನು ಕೇಂಬ್ರಿಡ್ಜಿನ ಪ್ರಯೋಗಾಲಯಕ್ಕೆ ಮುಖ್ಯಸ್ಥನಾಗಿದ್ದ ಕಾಲದಲ್ಲಿಯೇ ಹೋಮಿ ಜಹಾಂಗೀರ್ ಭಾಭಾ ಅಲ್ಲಿ ಓದಿದರು. 1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿದ ಅವರನ್ನು ತಂದೆ ಕಳುಹಿಸಿದ್ದು ಇಂಜಿನಿಯರಿಂಗ್ ಕಲಿಯಲೆಂದು. ಮಗನ ಮನಸ್ಸು ಭೌತಶಾಸ್ತ್ರದ ಕಡೆಗೆ. ತಂದೆಯ ಮಾತಿನಂತೆ ಮೊದಲು ಇಂಜಿನಿಯರಿಂಗ್ ಪರೀಕ್ಷೆಯನ್ನು ಮುಗಿಸಿ, ಅನಂತರ ತಮ್ಮ ದಾರಿ ಹಿಡಿದರು. ವಿಶ್ವಕಿರಣದ ಒಂದು ಕಣವು ವಾಯುಮಂಡಲವನ್ನು ಹೊಕ್ಕು, ಒಂದು ಹಲವಾಗಿ, ಹಲವು ನೂರಾಗಿ ಸುರಿಯುವ ಬಗೆಯನ್ನು 1937ರಲ್ಲಿ ಹೈಟ್ಲರನೊಡನೆ ಗಣಿತದಿಂದ ವಿವರಿಸಿದರು.

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಯುದ್ಧ ಆರಂಭವಾಯಿತು. ಹಿಂದಿರುಗುವ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ನರಿದ್ದ ಭೌತಶಾಸ್ತ್ರ ವಿಭಾಗವನ್ನು ಸೇರಿ ವಿಶ್ವಕಿರಣಗಳ ಸಂಶೋಧನೆಗೆ ಕೈಹಾಕಿದರು. ಬಲವಂತದ ತಂಗುವಿಕೆಯು ಕ್ರಮೇಣ ಸಂಕಲ್ಪವಾಯಿತು. 1944ರ ಮಾರ್ಚಿಯಲ್ಲಿ, ಪರಮಾಣು ಬಾಂಬಿನ ಸುದ್ದಿಯನ್ನು ಜಗತ್ತು ಕೇಳುವುದಕ್ಕೆ ಮೊದಲೇ, ಈ ವಿದ್ಯೆಯನ್ನು ಬಲ್ಲವರನ್ನು ನಮ್ಮ ನೆಲದಲ್ಲಿಯೇ ಸಿದ್ಧಪಡಿಸಬೇಕೆಂದು ಟಾಟಾ ದತ್ತಿಗೆ ಬರೆದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಬೆಂಗಳೂರಿನಲ್ಲಿ ಕಣ್ಣುಬಿಟ್ಟು, ಅದೇ ವರ್ಷ ಮುಂಬಯಿಗೆ ಹೋಯಿತು. 1948ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು; 1956ರಲ್ಲಿ ‘ಅಪ್ಸರಾ’ ರಿಯಾಕ್ಟರ್ ನಡೆಯತೊಡಗಿತು.

ನನಗೆ ಇವೆಲ್ಲಕ್ಕಿಂತ ಮೆಚ್ಚಾದುದು ಇನ್ನೊಂದು. ಆಕಾಶದಿಂದ ಬರುವ ಕಣಗಳನ್ನು ಭೂಮಿಯ ಆಳದಲ್ಲಿ ಅಳೆಯುವ ಯೋಜನೆ ಭಾಭಾ ಅವರದು. 1951ರಿಂದ ಕೋಲಾರದ ಚಿನ್ನದ ಗಣಿಗಳಲ್ಲಿ ಆ ಕೆಲಸವನ್ನು ನಡೆಸಿದವರು ಅವರ ಶಿಷ್ಯ, ನಮ್ಮ ನೆರೆಯ ನಂಜನಗೂಡಿನ ಬಿ. ವಿ. ಶ್ರೀಕಂಠನ್. 1965ರಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಅಲ್ಲಿ ಸಿಕ್ಕಿತು. 1966ರ ಜನವರಿ 24ರಂದು ಮೌಂಟ್ ಬ್ಲಾಂಕ್ ಪರ್ವತಕ್ಕೆ ವಿಮಾನ ಬಡಿದು ಭಾಭಾ ತೀರಿಕೊಂಡರು. ಆಗ ಅವರಿಗೆ ಐವತ್ತಾರು ವರ್ಷ.

ದೊಡ್ಡ ವಿದ್ಯೆಯೆಲ್ಲ ದೂರದೇಶದ್ದೆಂದು ಹಳ್ಳಿಯಿಂದ ಬಂದ ನಮಗೆ ಅನ್ನಿಸುವುದುಂಟು. ಆದರೆ ಚಾಚಿದ ಅಂಗೈಯ ಮೇಲೆ ಸೆಕೆಂಡಿಗೆ ಒಂದರಂತೆ ವಿಶ್ವಕಿರಣದ ಕಣ ಹಾದುಹೋಗುತ್ತದೆ, ಕೇಂಬ್ರಿಡ್ಜಿನಲ್ಲಿ ಹೇಗೋ ಅಂತರಸಂತೆಯಲ್ಲಿಯೂ ಹಾಗೆಯೇ. ಅದನ್ನು ಎಣಿಸುವ ಶ್ರದ್ಧೆಯನ್ನು ಮಾತ್ರ ನಾವು ಬೆಳೆಸಿಕೊಳ್ಳಬೇಕು.