ನೋವು ಒಂದು ಕಡೆ, ಗಂಟು ಇನ್ನೊಂದು ಕಡೆ

ಕತ್ತು ತಿರುಗಿಸೋಕಾಗದಷ್ಟು ನೋವು. ಎಕ್ಸ್‌ರೇ ತೆಗೆಸಿದರೆ ಎಲ್ಲ ಸರಿಯಾಗಿದೆ ಅಂತಾರೆ. ರಕ್ತ ಪರೀಕ್ಷೆಯಲ್ಲೂ ಏನೂ ಇಲ್ಲ. ಆಮೇಲೆ ಮನೆಯವರ ಮುಖದಲ್ಲಿ ಒಂದು ಸಣ್ಣ ಅನುಮಾನ. ಇವಳಿಗೆ ನಿಜಕ್ಕೂ ನೋವಿದೆಯಾ, ಇಲ್ಲಾ ಕೆಲಸ ತಪ್ಪಿಸಿಕೊಳ್ಳೋ ನೆಪವಾ ಅಂತ! ಈ ಅನುಮಾನವನ್ನು ನುಂಗಿಕೊಂಡೇ ಮತ್ತೆ ಲಟ್ಟಣಿಗೆ ಹಿಡಿದ ಹೆಣ್ಣುಮಕ್ಕಳು ಎಷ್ಟು ಮಂದಿಯೋ... ಇಂಥ ನೋವನ್ನು ನಂಬಿದ, ಅದರ ಮೂಲವನ್ನು ಬೆರಳ ತುದಿಯಿಂದಲೇ ಹುಡುಕಿದ ವೈದ್ಯೆಯೊಬ್ಬರಿದ್ದರು. ಅವರೇ ಅಮೆರಿಕದ ಡಾ. ಜಾನೆಟ್ ಟ್ರಾವೆಲ್.

ಜಾನೆಟ್ ಹುಟ್ಟಿದ್ದು 1901ರ ಡಿಸೆಂಬರ್ 17ರಂದು, ನ್ಯೂಯಾರ್ಕ್‌ನಲ್ಲಿ. ಅಪ್ಪ ವೈದ್ಯರು. ಮಗಳೂ ಅದೇ ದಾರಿ ಹಿಡಿದಳು. ಹೆಣ್ಣುಮಕ್ಕಳು ಡಾಕ್ಟರಾಗೋದೇ ಅಪರೂಪವಾಗಿದ್ದ ಆ ಕಾಲದಲ್ಲಿ, 1926ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಿಂದ ತರಗತಿಗೇ ಮೊದಲಿಗರಾಗಿ ಹೊರಬಂದರು. 1929ರಲ್ಲಿ ಜಾನ್ ಪೊವೆಲ್ ಅವರೊಂದಿಗೆ ಮದುವೆ, ಆಮೇಲೆ ಇಬ್ಬರು ಹೆಣ್ಣುಮಕ್ಕಳು. ಸಂಸಾರದ ಜೊತೆಗೇ ಕಾಲೇಜಿನಲ್ಲಿ ಪಾಠ, ಆಸ್ಪತ್ರೆಯಲ್ಲಿ ರೋಗಿಗಳು. ಎರಡು ದೋಣಿಯಲ್ಲಿ ಕಾಲಿಟ್ಟು ನಡೆಸೋ ಬದುಕು ಹೇಗಿರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವೇ?

ಹೃದ್ರೋಗಿಗಳನ್ನೂ ಕ್ಷಯರೋಗಿಗಳನ್ನೂ ನೋಡುತ್ತಿದ್ದಾಗ ಅವರಿಗೆ ಒಂದು ವಿಷಯ ವಿಚಿತ್ರ ಅನಿಸಿತು. ಕಾಯಿಲೆ ಬೇರೆ ಬೇರೆ ಆದರೂ ಹಲವರು ದೂರುತ್ತಿದ್ದುದು ಒಂದೇ, ಭುಜ ಮತ್ತು ತೋಳಿನ ನೋವು. ಒಮ್ಮೆ ಅವರ ಸ್ವಂತ ತೋಳೇ ನೋಯಲು ಶುರುವಾಯಿತು. ಬೆನ್ನಿನ ರೆಕ್ಕೆಮೂಳೆಯ ಸುತ್ತ ಬೆರಳಿಂದ ಒತ್ತಿ ನೋಡಿಕೊಂಡರೆ, ಒತ್ತಿದ್ದು ಒಂದು ಕಡೆ, ನೋವು ಚುಳ್ ಅಂದಿದ್ದು ತೋಳಿನಲ್ಲಿ! ಅಂದರೆ ತೋಳು ನೋಯುತ್ತಿದ್ದರೂ ನೋವಿನ ಮೂಲ ಅಲ್ಲಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಕಿತ್ತಳೆ ಹಣ್ಣಿನ ಪ್ರತಿ ತೊಳೆಗೂ ಒಂದು ತೆಳು ಪೊರೆ ಇರುತ್ತಲ್ಲ, ಹಾಗೆಯೇ ನಮ್ಮ ಮಾಂಸಖಂಡಗಳನ್ನೂ ಒಂದು ಪೊರೆ ಸುತ್ತಿಕೊಂಡಿದೆ. ಅದಕ್ಕೆ ಫೇಶಿಯಾ ಅಂತಾರೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ದುಡಿದಾಗ, ಪೆಟ್ಟು ಬಿದ್ದಾಗ ಮಾಂಸಖಂಡದಲ್ಲಿ ಬಿಗಿಯಾದ ಎಳೆ, ಅದರೊಳಗೆ ಮುಟ್ಟಿದರೆ ನೋಯುವ ಸಣ್ಣ ಗಂಟು ಉಂಟಾಗುತ್ತೆ. ಇದೇ ಟ್ರಿಗರ್ ಪಾಯಿಂಟ್. ಭುಜದ ಮೇಲ್ಭಾಗದ ಗಂಟು ಕಣತಲೆಯಲ್ಲಿ ತಲೆನೋವಾಗಿ ಕಾಣಿಸಬಹುದು. ಪೃಷ್ಠದ ಗಂಟು ಕಾಲಿನುದ್ದಕ್ಕೂ ಸೆಳೆತವಾಗಿ ಇಳಿಯಬಹುದು. ಯಾವ ಗಂಟು ಎಲ್ಲಿ ನೋವು ಕಳಿಸುತ್ತೆ ಅನ್ನೋದನ್ನು ಜಾನೆಟ್ ರೋಗಿಗಳ ದೇಹದ ಮೇಲೆ ನಕ್ಷೆಯಂತೆ ಗುರುತಿಸುತ್ತಾ ಹೋದರು. 1942ರಲ್ಲಿ ಸಂಗಡಿಗರ ಜೊತೆ ಭುಜ, ತೋಳಿನ ನೋವಿನ ಬಗ್ಗೆ ಲೇಖನ ಪ್ರಕಟಿಸಿದರು. ಚರ್ಮದ ಮೇಲೆ ತಣ್ಣನೆಯ ದ್ರವ ಸಿಂಪಡಿಸಿ ಮಾಂಸಖಂಡವನ್ನು ಮೆಲ್ಲಗೆ ಹಿಗ್ಗಿಸೋದು, ಇಲ್ಲವೇ ಗಂಟಿಗೇ ಮರಗಟ್ಟಿಸುವ ಮದ್ದು ಚುಚ್ಚೋದು, ಇದು ಅವರ ಚಿಕಿತ್ಸೆ.

1955ರಲ್ಲಿ ಊರುಗೋಲಿನ ಆಸರೆಯಲ್ಲಿ ಒಬ್ಬ ಯುವ ಸೆನೆಟರ್ ಅವರ ಕ್ಲಿನಿಕ್‌ಗೆ ಬಂದರು. ಬೆನ್ನಿಗೆ ಶಸ್ತ್ರಚಿಕಿತ್ಸೆ ಆಗಿದ್ದರೂ ನೋವು ಬಿಟ್ಟಿರಲಿಲ್ಲ. ಅವರೇ ಜಾನ್ ಎಫ್. ಕೆನಡಿ! ಮದ್ದು ಚುಚ್ಚಿದ್ದಷ್ಟೇ ಅಲ್ಲ, ಜಾನೆಟ್ ಅವರ ನಿಲುವನ್ನೂ ಗಮನಿಸಿದರು. ಎಡಗಾಲು ಬಲಗಾಲಿಗಿಂತ ಕೊಂಚ ಗಿಡ್ಡ. ಷೂ ಹಿಮ್ಮಡಿಗೆ ಎತ್ತರ ಕೊಡಿಸಿದರು. ಬೆನ್ನು ಒಂದೇ ಕಡೆ ಬಿಗಿಯದೆ ಸ್ವಲ್ಪ ಸ್ವಲ್ಪ ಆಡುತ್ತಿರಲಿ ಅಂತ ತೂಗುಕುರ್ಚಿಯನ್ನು ಸೂಚಿಸಿದರು. ಮುಂದೆ ಕೆನಡಿ ಅಧ್ಯಕ್ಷರಾದಾಗ ಆ ಕುರ್ಚಿ ಜಗತ್ಪ್ರಸಿದ್ಧವಾಯಿತು. 1961ರಲ್ಲಿ ಜಾನೆಟ್ ಶ್ವೇತಭವನ ಸೇರಿದರು. ಅಮೆರಿಕದ ಅಧ್ಯಕ್ಷರ ಖಾಸಗಿ ವೈದ್ಯರಾದ ಮೊದಲ ಮಹಿಳೆ ಅವರೇ.

ಅಲ್ಲಿ ಎಲ್ಲವೂ ಹೂವಿನ ಹಾಸಿಗೆ ಆಗಿರಲಿಲ್ಲ. ಚುಚ್ಚುಮದ್ದು ಅತಿಯಾಯಿತು ಅಂತ ಇತರ ವೈದ್ಯರು ಆಕ್ಷೇಪ ಎತ್ತಿದರು. ಅದೇ ವರ್ಷ ಹಾನ್ಸ್ ಕ್ರೌಸ್ ಎಂಬ ವೈದ್ಯರನ್ನು ಕರೆಸಿ ಕೆನಡಿಯವರಿಗೆ ವ್ಯಾಯಾಮ ಶುರುಮಾಡಿಸಲಾಯಿತು. ಗಂಟು ಸಡಿಲಿಸಿದರೆ ಸಾಲದು, ಮಾಂಸಖಂಡಕ್ಕೆ ಬಲವೂ ಬೇಕು ಅನ್ನೋ ಪಾಠ ಇದರಲ್ಲಿ ನಮಗೂ ಇದೆ.

ಶ್ವೇತಭವನ ಬಿಟ್ಟ ಮೇಲೂ ಜಾನೆಟ್ ಸುಮ್ಮನೆ ಕೂರಲಿಲ್ಲ. ಡೇವಿಡ್ ಸೈಮನ್ಸ್ ಎಂಬ ವೈದ್ಯರ ಜೊತೆ ಸೇರಿ ಟ್ರಿಗರ್ ಪಾಯಿಂಟ್‌ಗಳ ಕೈಪಿಡಿ ಬರೆದರು. ಮೊದಲ ಸಂಪುಟ 1983ರಲ್ಲಿ ಬಂತು, ಆಗ ಅವರಿಗೆ 81. ಎರಡನೆಯದು 1992ರಲ್ಲಿ, ಆಗ 90! ಐವತ್ತಾಯಿತು, ಇನ್ನೇನಿದೆ ಅನ್ನೋರು ಇದನ್ನು ಕೇಳಿಸಿಕೊಳ್ಳಬೇಕು. 1997ರ ಆಗಸ್ಟ್ 1ರಂದು, 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇಂದು ಫಿಸಿಯೋಥೆರಪಿ ಕೇಂದ್ರಗಳಲ್ಲಿ ಮಯೋಫೇಶಿಯಲ್ ರಿಲೀಸ್ ಅನ್ನೋ ಚಿಕಿತ್ಸೆ ಸಿಗುತ್ತೆ. ಬಿಗಿದ ಜಾಗದ ಮೇಲೆ ಕೈಯಿಂದ ನಿಧಾನವಾಗಿ, ಬಿಡದೆ ಒತ್ತಡ ಕೊಟ್ಟು ಸಡಿಲಿಸುತ್ತಾರೆ. ಈ ಗಂಟುಗಳು ಹೇಗೆ ಉಂಟಾಗುತ್ತವೆ, ಚಿಕಿತ್ಸೆಯ ಗುಣ ಎಷ್ಟು ಕಾಲ ನಿಲ್ಲುತ್ತೆ ಅನ್ನೋದರ ಬಗ್ಗೆ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಹಾಗಾಗಿ ಎಲ್ಲ ನೋವಿಗೂ ಇದೇ ರಾಮಬಾಣ ಅಂತ ಹೇಳೋರನ್ನು ನಂಬಬೇಡಿ.

ಮನೆಯಲ್ಲಿ ನೀವೇ ಮಾಡಬಹುದಾದ್ದು:

* ಗೋಡೆಗೂ ಬೆನ್ನಿಗೂ ನಡುವೆ ಟೆನಿಸ್ ಚೆಂಡು ಇಟ್ಟು, ನೋಯುವ ಗಂಟಿನ ಮೇಲೆ ಅರ್ಧ ನಿಮಿಷ ಹದವಾಗಿ ಒರಗಿ. ಬೆನ್ನುಮೂಳೆಯ ಮೇಲೆ ಮಾತ್ರ ಬೇಡ.

* ಬಿಸಿನೀರಿನ ಶಾಖ ಕೊಟ್ಟು, ಆಮೇಲೆ ಮೆಲ್ಲಗೆ ಹಿಗ್ಗಿಸಿ. ಉಸಿರು ಬಿಗಿಹಿಡಿಯಬೇಡಿ.

* ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅಡುಗೆ ಮಾಡೋದನ್ನು ಬಿಡಿ. ಭಾರದ ಬ್ಯಾಗ್ ದಿನವೂ ಒಂದೇ ಹೆಗಲಿಗೆ ಬೇಡ.

* ಕುರ್ಚಿಯಲ್ಲಿ ಕೂತಾಗ ಕಾಲು ನೇತಾಡುತ್ತಿದ್ದರೆ ಕೆಳಗೊಂದು ಮಣೆ ಇಟ್ಟುಕೊಳ್ಳಿ.

ಎದೆಯ ಜೊತೆ ತೋಳು ನೋಯುತ್ತಾ ಬೆವರಿದರೆ, ಉಸಿರು ಕಟ್ಟಿದರೆ ಚೆಂಡು, ಶಾಖ ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಕೈಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ನೋವಿನ ಜೊತೆ ಜ್ವರ ಬಂದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಉಳಿದಂತೆ ಡಾಕ್ಟರ ಹತ್ತಿರ ಹೋದಾಗ ಮೈಯೆಲ್ಲಾ ನೋವು ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಎಲ್ಲಿ ನೋಯುತ್ತೆ ಅಂತ ಬೆರಳಿಟ್ಟು ತೋರಿಸಿ. ಯಾವ ಕೆಲಸ ಮಾಡಿದಾಗ ಜಾಸ್ತಿಯಾಗುತ್ತೆ, ಯಾವ ಕಡೆ ತಿರುಗಿದರೆ ಹಿಡಿಯುತ್ತೆ ಅಂತ ಸಂಕೋಚವಿಲ್ಲದೆ ಹೇಳಿ. ಎಕ್ಸ್‌ರೇಯಲ್ಲಿ ಕಾಣದ ಎಷ್ಟೋ ವಿಷಯ ಈ ಮಾತಿನಲ್ಲೇ ಸಿಗುತ್ತೆ.