ಏರಿ ಕಾಯುವುದೇ ಕೆರೆಯ ಪೂಜೆ



ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವುದು ತಮಗೆಲ್ಲ ತಿಳಿದದ್ದೇ. ಮಳೆಯನ್ನೇ ನಂಬಿದ ಹೊಲದ ಬೆಳೆಯನ್ನು ರೈತನು ದೊಡ್ಡ ಬಸವಣ್ಣನಿಗೆ ಅರ್ಪಿಸುವ ಪರ್ವವಿದು. ಈ ಗುಡಿಯನ್ನು ಕಟ್ಟಿಸಿದರೆಂದು ಪ್ರಸಿದ್ಧರಾದ ಹಿರಿಯ ಕೆಂಪೇಗೌಡರ ಜೀವನವನ್ನು ನಾವು ಇಂದು ಸ್ಮರಿಸಬಯಸುತ್ತೇವೆ.

ಯಲಹಂಕ ನಾಡಪ್ರಭುಗಳ ವಂಶದ ಕೆಂಪೇಗೌಡರು ವಿಜಯನಗರದ ಸಾಮಂತರು. ಅಚ್ಯುತರಾಯರ ಆಳ್ವಿಕೆಯಲ್ಲಿ, 1537ರಲ್ಲಿ, ಬೆಂಗಳೂರಿನ ಮಣ್ಣಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದರು. ಅವರು ಆರಿಸಿಕೊಂಡ ನೆಲವಾದರೋ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆ. ಸದಾ ಹರಿಯುವ ದೊಡ್ಡ ಹೊಳೆ ಅಲ್ಲಿಲ್ಲ. ಬಿದ್ದ ಮಳೆ ಒಂದು ಕಡೆ ವೃಷಭಾವತಿಗೆ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೆ ಇಳಿದುಹೋಗುತ್ತದೆ.

ಆದ್ದರಿಂದ ಅವರು ಹರಿಯುವ ನೀರಿಗೆ ಏರಿ ಕಟ್ಟಿಸಿದರು. ಬಸವನಗುಡಿಯ ಮಗ್ಗುಲಲ್ಲಿ ಕೆಂಪಾಂಬುಧಿ, ಪೇಟೆಯ ಪಡುವಣಕ್ಕೆ ಧರ್ಮಾಂಬುಧಿ ಮೈದಾಳಿದವು. ನಮ್ಮ ನಾಡಿನ ಕೆರೆಗಳ ಕ್ರಮವೇ ಹಾಗೆ: ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನದಕ್ಕೆ ನೀರು; ತೂಬಿನಿಂದ ಗದ್ದೆಗೆ ನೀರು; ಇಂಗಿದ್ದು ಬಾವಿಗೆ ನೀರು. ಒಂದು ಮಳೆ ಮೂರು ಬಾರಿ ಊಳಿಗ ಮಾಡುತ್ತದೆ.

ಪ್ರಭುವಿಗೂ ಕಷ್ಟ ತಪ್ಪಲಿಲ್ಲ. ಸ್ವಂತ ನಾಣ್ಯ ಟಂಕಿಸಿದ ಕಾರಣಕ್ಕೆ ಆನೆಗೊಂದಿಯಲ್ಲಿ ಐದು ವರ್ಷ ಸೆರೆವಾಸ ಅನುಭವಿಸಿದರು. ಬಿಡುಗಡೆಯಾಗಿ ಬಂದು, 1569ರಲ್ಲಿ ಲಿಂಗದೇವರ ಪಾದ ಸೇರಿದರು. ಒಡೆಯ ಬರುತ್ತಾನೆ, ಹೋಗುತ್ತಾನೆ. ಕೆರೆಯನ್ನು ಉಳಿಸುವುದು ತೂಬು ನೋಡುವ ನೀರಗಂಟಿ, ಬೇಸಿಗೆಯಲ್ಲಿ ಹೂಳೆತ್ತುವ ಊರು. ಕಟ್ಟಿಸಿದವನ ಪುಣ್ಯ ಒಂದು ಪಾಲಾದರೆ ಕಾಯ್ದವರದು ಮೂರು ಪಾಲು.

ಆ ಕಾಯುವಿಕೆ ತಪ್ಪಿದ್ದರ ಫಲ ಕಣ್ಣೆದುರಿಗಿದೆ. ಧರ್ಮಾಂಬುಧಿ ಇದ್ದ ಜಾಗದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ. ಆ ನಿಲ್ದಾಣಕ್ಕೆ ಕೆಂಪೇಗೌಡರದೇ ಹೆಸರು! ಹೆಸರು ಉಳಿಯಿತು, ನೀರು ಉಳಿಯಲಿಲ್ಲ. ಹಳ್ಳಿಗಳಲ್ಲಾದರೂ ಕೆರೆಯಂಗಳ ಒತ್ತುವರಿಯಾಗಿ, ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ಧೂಳೇಳುವುದನ್ನು ಹಿರಿಯರಾದ ತಾವು ಕಂಡಿದ್ದೀರಿ. ಸಾಲ ಮಾಡಿ ಕೊರೆಸಿದ ರೈತನ ಮನೆಯ ಸಂಕಟ ಯಾರಿಗೆ ಬೇಕು?

ಕೆರೆ ಕಟ್ಟಿಸಲು ಪ್ರಭುವೇ ಬೇಕಾದೀತು. ಹೊಲಕ್ಕೆ ಬದು ಹಾಕಲು ಬೇಡ. ಇಳಿಜಾರಿಗೆ ಅಡ್ಡಲಾಗಿ ಉಳಿರಿ. ಹೊಲದ ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ ತೋಡಿರಿ. ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯಿರಿ. ಅದರಿಂದ ಕೆರೆಗೆ ಆಳ, ಹೊಲಕ್ಕೆ ತೇವ. ನೀರು ಕಡಿಮೆಯಿದ್ದಲ್ಲಿ ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕಿರಿ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಕೈಹಿಡಿದೀತು.

ನಮ್ಮ ಹೊಲದಲ್ಲಿ ಬಿದ್ದ ಮಳೆ ನಮ್ಮ ಪಾಲಿಗೆ ಬಂದ ಪ್ರಸಾದ. ಪ್ರಸಾದವನ್ನು ಚೆಲ್ಲಬಾರದೆಂದು ಮಕ್ಕಳಿಗೆ ಕಲಿಸುವ ನಾವು ನೀರನ್ನು ಚೆಲ್ಲಬಹುದೇ? ಈ ವರ್ಷ ಪರಿಷೆಗೆ ಹೋಗುವವರು ಬಸವಣ್ಣನಿಗೆ ಕೈಮುಗಿದು, ಕೆಂಪಾಂಬುಧಿಯ ಏರಿಯ ಮೇಲೂ ಒಂದು ಗಳಿಗೆ ನಿಂತು ಬರಲಿ. ಬಳಿಕ ತಮ್ಮೂರ ಕೆರೆಯ ಏರಿಯನ್ನೂ ಒಮ್ಮೆ ನಡೆದು ನೋಡಲಿ.

ಸರ್ವರಿಗೂ ಸನ್ಮಂಗಳವಾಗಲಿ.